ಉಜ್ಜುವ ಮುನ್ನ ನನ್ನನ್ನು ಕೇಳಿ

ಸರ್ವೆ ಉಪಕರಣಗಳನ್ನು ದುರಸ್ತಿ ಮಾಡುವುದು ನನ್ನ ಕಸುಬು. ದೂರ, ಕೋನ ಎರಡನ್ನೂ ಅಳೆಯುವ ಎಲೆಕ್ಟ್ರಾನಿಕ್ ಟೋಟಲ್ ಸ್ಟೇಷನ್ ಬಂದ ಮೇಲೆ, ಎತ್ತರದ ವ್ಯತ್ಯಾಸ ನೋಡುವ ಡಂಪಿ ಲೆವೆಲ್, ಕೋನ ಅಳೆಯುವ ವರ್ನಿಯರ್ ಥಿಯೊಡೊಲೈಟ್‌ಗಳನ್ನು ಕೆಲಸಕ್ಕಾಗಿ ತರುವವರು ಕಡಿಮೆಯಾದರು. ತಾತ ಲೋಕೋಪಯೋಗಿ ಇಲಾಖೆಯಲ್ಲಿದ್ದರು, ಅಟ್ಟದ ಮೇಲೆ ಇದು ಸಿಕ್ಕಿತು ಎಂದು ತರುವವರು ಹೆಚ್ಚಾದರು. ಅವರ ಕೋರಿಕೆ ಬಹುಮಟ್ಟಿಗೆ ಒಂದೇ: “ಫಳಫಳ ಹೊಳೆಯುವಂತೆ ಮಾಡಿಕೊಡಿ, ಹಾಲ್‌ನಲ್ಲಿ ಇಡುತ್ತೇವೆ.” ನಾನು ಒಪ್ಪುವುದಿಲ್ಲ. ಕೆಲವರು ಮುನಿಸಿಕೊಂಡು ಬೇರೆ ಅಂಗಡಿ ಹುಡುಕುತ್ತಾರೆ. ಹುಡುಕಲಿ.

ಬಿಸಿಲಲ್ಲಿ ನಿಂತು ದೂರದ ಗುರಿಯನ್ನು ನೋಡುವವರ ಕಣ್ಣಿಗೆ ಮಿನುಗುವ ಲೋಹದಷ್ಟು ಕಿರಿಕಿರಿ ಇನ್ನೊಂದಿಲ್ಲ. ಹೀಗಾಗಿ ಎಷ್ಟೋ ತಯಾರಕರು ಸರ್ವೆ ಉಪಕರಣಗಳ ಹಿತ್ತಾಳೆಯನ್ನು ರಾಸಾಯನಿಕದಿಂದ ಕಪ್ಪು ಅಥವಾ ಕಂದು ಮಾಡಿ, ಮೇಲೆ ಅರಗಿನ ಮೆರುಗೆಣ್ಣೆ ಹಚ್ಚುತ್ತಿದ್ದರು. ಇಂದು ಹೋಟೆಲುಗಳ ಮುಂಗಟ್ಟಿನಲ್ಲಿ ಚಿನ್ನದ ಬಣ್ಣದಲ್ಲಿ ಬೀಗುವ ಥಿಯೊಡೊಲೈಟ್‌ಗಳಲ್ಲಿ ಬಹಳಷ್ಟು ಮೂಲ ಲೇಪವನ್ನು ಕಳೆದುಕೊಂಡವು. ಅವು ಹೊಸದಾಗಿದ್ದಾಗ ಹಾಗೆ ಹೊಳೆದಿರಲೇ ಇಲ್ಲ.

ಉಜ್ಜಿದರೆ ಹೋಗುವುದು ಬಣ್ಣ ಮಾತ್ರವಲ್ಲ. ಒಳ್ಳೆಯ ಥಿಯೊಡೊಲೈಟ್‌ನಲ್ಲಿ ಡಿಗ್ರಿಯ ಗೆರೆಗಳಿರುವುದು ಹಿತ್ತಾಳೆಯ ವೃತ್ತದೊಳಗೆ ಕೂರಿಸಿದ ತೆಳು ಬೆಳ್ಳಿಪಟ್ಟಿಯ ಮೇಲೆ. ಕೂದಲಿಗಿಂತ ಸಣ್ಣ ಗೆರೆಗಳು. ಉಪಕರಣದ ಬೆಲೆಯೆಲ್ಲ ಅಲ್ಲಿಯೇ ಇತ್ತು. ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನ ಕುಶಲಕರ್ಮಿಗಳು ಈ ಗೆರೆಗಳನ್ನು ಕೈಯಿಂದಲೇ ಗುರುತಿಸುತ್ತಿದ್ದರು. ಜೆಸ್ಸಿ ರಾಮ್ಸ್‌ಡೆನ್ ಅದಕ್ಕೊಂದು ಯಂತ್ರವನ್ನೇ ಕಟ್ಟಿದರು. ಅದರ ವಿವರಣೆಯನ್ನು ಪ್ರಕಟಿಸಬೇಕು, ಬೇರೆಯವರಿಗೂ ಕಲಿಸಬೇಕು ಎಂಬ ಕರಾರಿನ ಮೇಲೆ ಸಮುದ್ರದಲ್ಲಿ ರೇಖಾಂಶ ಕಂಡುಹಿಡಿಯುವ ಉಪಾಯಗಳಿಗೆ ಬಹುಮಾನ ಕೊಡುತ್ತಿದ್ದ ಬ್ರಿಟನ್ನಿನ ರೇಖಾಂಶ ಮಂಡಳಿ ಅವರಿಗೆ 615 ಪೌಂಡ್ ಕೊಟ್ಟಿತು; ವಿವರಣೆ 1777ರಲ್ಲಿ ಅಚ್ಚಾಯಿತು. ಅಂಥ ಶ್ರಮದ ಗೆರೆಗಳನ್ನು ಭಾನುವಾರ ಮಧ್ಯಾಹ್ನ ಬಟ್ಟೆ, ಪಾಲಿಷ್ ಹಿಡಿದು ಅಳಿಸಿಬಿಡಬಹುದು. ಅಳಿಸಿದ್ದನ್ನು ನೋಡಿದ್ದೇನೆ.

ಇನ್ನೊಂದು ವಿಷಯ ಅಮೋನಿಯ. ಲೋಹದ ಪಾಲಿಷ್‌ಗಳಲ್ಲಿ ಹಲವಕ್ಕೆ ಅದನ್ನು ಬೆರೆಸಿರುತ್ತಾರೆ. ಒಳಗೆ ಬಿಗಿತ ಉಳಿದಿರುವ ಹಿತ್ತಾಳೆಯನ್ನು ಅಮೋನಿಯ ಸೀಳುತ್ತದೆ. ಇದು ದೊಡ್ಡದಾಗಿ ಗಮನಕ್ಕೆ ಬಂದದ್ದು ನಮ್ಮ ನೆಲದಲ್ಲೇ: ಬ್ರಿಟಿಷ್ ಸೇನೆಯವರು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಿದ್ದ ಹಿತ್ತಾಳೆಯ ತೋಟಾಗಳು ತಾವಾಗಿಯೇ ಬಿರುಕು ಬಿಟ್ಟವು. ಕುದುರೆ ಗಂಜಲದಿಂದ ಎದ್ದ ಅಮೋನಿಯವೇ ಕಾರಣ. ಗಿರಾಕಿಗಳಿಗೆ ಈ ಕಥೆ ಹೇಳಿದರೆ ಅರ್ಧದಷ್ಟು ಜನ ಪಾಲಿಷ್ ಡಬ್ಬಿಯನ್ನು ಕೆಳಗಿಡುತ್ತಾರೆ.

ಈ ಕಸುಬು ನನಗೆ ಕಲಿಸಿದ ಮುಖ್ಯ ಪಾಠ ಇದು: ಉಪಕರಣವನ್ನು ಕೆಲಸಕ್ಕೆ ಸಿದ್ಧಪಡಿಸುವುದೂ ಅದನ್ನು ಉಳಿಸುವುದೂ ಎರಡು ಬೇರೆ ಕೆಲಸಗಳು, ಹಲವು ಸಲ ಒಂದಕ್ಕೊಂದು ವಿರುದ್ಧ. ಭಾರತದ ಮಹಾ ತ್ರಿಕೋನಮಿತೀಯ ಸರ್ವೆ ಆರಂಭಿಸಿದ ವಿಲಿಯಂ ಲ್ಯಾಂಬ್ಟನ್ ಅವರ ದೊಡ್ಡ ಥಿಯೊಡೊಲೈಟನ್ನೇ ನೋಡಿ. ಲಂಡನ್ನಿನ ಕ್ಯಾರಿ ಮಾಡಿದ, ಅರ್ಧ ಟನ್ನಿನಷ್ಟು ತೂಕದ ಯಂತ್ರ. ಭಾರತಕ್ಕೆ ಬರುವ ದಾರಿಯಲ್ಲಿ ಫ್ರೆಂಚರ ಕೈಗೆ ಸಿಕ್ಕಿ, ಮಾರಿಷಸ್‌ಗೆ ಹೋಗಿ ಬಿಡುಗಡೆಯಾಗಿ ಬಂದದ್ದು. 1808ರಲ್ಲಿ ತಂಜಾವೂರಿನ ದೊಡ್ಡ ದೇವಾಲಯದ ಮೇಲಕ್ಕೆ ಏರಿಸುವಾಗ ಹಗ್ಗ ತುಂಡಾಗಿ ಗೋಡೆಗೆ ಬಡಿಯಿತು, ವೃತ್ತ ಸೊಟ್ಟಗಾಯಿತು. ಲ್ಯಾಂಬ್ಟನ್ ಆರು ವಾರ ಕುಳಿತು ಬೆಣೆ, ತಿರುಪು, ರಾಟೆಗಳಿಂದ ಎಳೆದೆಳೆದು ಅದನ್ನು ಮೂಲ ಆಕಾರದ ಹತ್ತಿರಕ್ಕೆ ತಂದರು. ಅವರ ಜಾಗದಲ್ಲಿದ್ದರೆ ನಾನೂ ಹಾಗೆಯೇ ಮಾಡುತ್ತಿದ್ದೆ; ಅಳತೆ ನಿಲ್ಲುವಂತಿರಲಿಲ್ಲ, ಅಂಥ ಇನ್ನೊಂದು ಯಂತ್ರ ಬರಬೇಕಾದರೆ ಲಂಡನ್ನಿನಿಂದ ಹಡಗಿನಲ್ಲೇ ಬರಬೇಕಿತ್ತು. ಆದರೆ ಆ ಪೆಟ್ಟು ತಿಂದ ವೃತ್ತ ಇಂದು ನನ್ನ ಮೇಜಿನ ಮೇಲೆ ಬಂದರೆ ಕೈ ಹಚ್ಚುವುದಿಲ್ಲ. ಈಗ ಅದು ಕೋನ ಅಳೆಯಬೇಕಿಲ್ಲ, ಏನಾಯಿತೆಂದು ಹೇಳಬೇಕು. ಸೊಟ್ಟಗಿದ್ದರೇ ಅದು ಹೇಳುವುದು.

ದುರ್ಬೀನಿನೊಳಗಿನ ಅಡ್ಡಗೆರೆಯದೂ ಇದೇ ಪ್ರಶ್ನೆ. ಹಿಂದೆ ಅಲ್ಲಿ ಜೇಡರ ಬಲೆಯ ನೂಲನ್ನು ಎಳೆದು ಅಂಟಿಸುತ್ತಿದ್ದರು. ಆಮೇಲೆ ಗಾಜಿನ ಮೇಲೆ ಕೊರೆದ ಗೆರೆ ಬಂತು. ನೂಲು ತುಂಡಾಗಿದ್ದರೆ ಗಾಜು ಹಾಕುವುದು ದುರಸ್ತಿಗಾರನಿಗೆ ಸುಲಭ. ಅಟ್ಟದಿಂದ ಇಳಿದ ಉಪಕರಣಕ್ಕೆ ಹಾಗೆ ಮಾಡುವುದಿಲ್ಲ. ತುಂಡಾದ ನೂಲು ಅಲ್ಲೇ ಇರಲಿ, ಅದರಿಂದ ಯಾರೂ ಜಮೀನು ಅಳೆಯಲು ಹೊರಟಿಲ್ಲ.

ಇನ್ನು ಹೆಸರಿನ ಮೋಹ. ಕೆತ್ತಿದ ಹೆಸರನ್ನು ನಾನು ಕೊನೆಗೆ ನೋಡುತ್ತೇನೆ. ‘ಕೆಲ್ವಿನ್ ಅಂಡ್ ಹ್ಯೂಸ್, ಲಂಡನ್, 1917’ ಎಂದು ಕೆತ್ತಿದ, ಹಡಗಿನವರು ಸೂರ್ಯ, ನಕ್ಷತ್ರಗಳ ಎತ್ತರ ಅಳೆಯಲು ಬಳಸುವ ಸೆಕ್ಸ್‌ಟಂಟ್‌ಗಳು ಮಾರುಕಟ್ಟೆಯಲ್ಲಿ ರಾಶಿ ಬಿದ್ದಿವೆ. ಎರಡು ಕಂಪನಿಗಳು ಕೂಡಿ ಆ ಹೆಸರು ಹುಟ್ಟಿದ್ದು 1947ರಲ್ಲಿ! ಉತ್ತರಾಖಂಡದ ರೂರ್ಕಿಯ ಕಡೆ ಅಲಂಕಾರಕ್ಕಾಗಿ ಹಿತ್ತಾಳೆಯ ನೌಕಾ ಉಪಕರಣಗಳನ್ನು ಮಾಡುವ ಕಸುಬು ದೊಡ್ಡದಾಗಿದೆ. ಅಲ್ಲಿನ ಕೆಲಸಗಾರರ ಬಗ್ಗೆ ನನಗೆ ಗೌರವವಿದೆ. 1847ರ ಥಾಮಸನ್ ಎಂಜಿನಿಯರಿಂಗ್ ಕಾಲೇಜಿನ ಕಾಲದಿಂದ ಆ ಊರಿಗೆ ಸರ್ವೆಯ ನಂಟು. ತಪ್ಪು ಇರುವುದು ಸುಳ್ಳು ಇಸವಿ ಕೆತ್ತಿಸಿ ಹಳೆಯದೆಂದು ಮಾರುವವರಲ್ಲಿ.

ಅಸಲಿ ವಸ್ತುವಿನ ಮೇಲೂ ಹೆಸರು ದಾರಿ ತಪ್ಪಿಸುತ್ತದೆ. ನಮ್ಮ ಕಡೆಯ ಲೆವೆಲ್‌ಗಳ ಮೇಲೆ ಎಷ್ಟೋ ಸಲ ಇರುವುದು ಮಾರಿದವರ ಹೆಸರು, ಮಾಡಿದವರದಲ್ಲ. ‘ಕುಕ್, ಟ್ರೌಟನ್ ಅಂಡ್ ಸಿಮ್ಸ್’ ಎಂದಿದ್ದರೆ ಅದು 1922ರ ನಂತರದ್ದು. ಮುತ್ತಾತ 1890ರಲ್ಲಿ ಕೊಂಡದ್ದು ಎಂಬ ಮನೆಮಾತನ್ನು ಮೆಲ್ಲಗೆ ಬದಿಗಿಡಬೇಕಾಗುತ್ತದೆ. ಹೆಸರಿಗಿಂತ ವರ್ನಿಯರ್, ಅಂದರೆ ಮುಖ್ಯ ಮಾಪಕದ ಪಕ್ಕದಲ್ಲಿ ಸರಿದು ಎರಡು ಗೆರೆಗಳ ನಡುವಿನ ಅಳತೆ ಓದಿಸುವ ಸಣ್ಣ ಮಾಪಕ, ಪ್ರಾಮಾಣಿಕ. ಅದರ ಸೊನ್ನೆ ಗೆರೆ ಮುಖ್ಯ ಮಾಪಕದ ಒಂದು ಗೆರೆಗೆ ಸರಿಯಾಗಿ ಕೂಡಿದಾಗ ಕೊನೆಯ ಗೆರೆಯೂ ಕೂಡಬೇಕು. ಅಲಂಕಾರದ ಪ್ರತಿಗಳಲ್ಲಿ ಅದು ಕೂಡುವುದು ಅಪರೂಪ. ಭೂತಗನ್ನಡಿಯೊಂದಿದ್ದರೆ ಸಾಕು, ಪರಿಣತರು ಬೇಕಿಲ್ಲ.

ಅಮೆರಿಕದಲ್ಲಿರುವ ಮಗನಿಗೆ ಕಳಿಸಬೇಕು ಎನ್ನುವವರೂ ಇದ್ದಾರೆ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಕ್ಕೆ ಸಾಗಿಸುವಂತಿಲ್ಲ. ಇದನ್ನು ಹೇಳಿದ ಕೂಡಲೇ, ಅಲ್ಲಿಯವರೆಗೆ ನೂರೈವತ್ತು ವರ್ಷದ್ದಾಗಿದ್ದ ವಸ್ತು ಎಂಬತ್ತು ವರ್ಷದ್ದಾಗಿಬಿಡುತ್ತದೆ.

ಹಾಗಾದರೆ ನಾನು ಮಾಡುವುದೇನು? ಮೃದುವಾದ ಕುಂಚದಿಂದ ಧೂಳು ತೆಗೆಯುತ್ತೇನೆ. ಮಸೂರದಲ್ಲಿ ಬೂಷ್ಟು ಹಿಡಿದಿದ್ದರೆ, ಮಲೆನಾಡಿನಿಂದ ಬಂದವುಗಳಲ್ಲಿ ಅದು ಇದ್ದೇ ಇರುತ್ತದೆ, ಬಿಚ್ಚಿ ಒರೆಸುತ್ತೇನೆ; ಬಿಟ್ಟರೆ ಅದು ಗಾಜನ್ನೇ ತಿನ್ನುತ್ತದೆ. ಗಟ್ಟಿಯಾದ ಗ್ರೀಸಿನಿಂದ ಕಚ್ಚಿಕೊಂಡ ತಿರುಪನ್ನು ಬಲವಂತವಾಗಿ ತಿರುಗಿಸುವುದಿಲ್ಲ. ಪೆಟ್ಟಿಗೆಯನ್ನು ಎಸೆಯಲು ಬಿಡುವುದಿಲ್ಲ: ಉಪಕರಣ ಅಲುಗಾಡದಂತೆ ಕೂರುವ ಗೂಡು, ಹೊಂದಿಸುವ ಕಡ್ಡಿ, ಮುಚ್ಚಳದ ಒಳಮೈಗೆ ಅಂಟಿಸಿದ ಚೀಟಿ, ಯಾರೋ ಓವರ್‌ಸಿಯರ್ ಪೆನ್ಸಿಲಿನಲ್ಲಿ ಬರೆದಿಟ್ಟ ಲೆಕ್ಕ ಎಲ್ಲವೂ ಅಲ್ಲಿರುತ್ತವೆ. ಹೊಳಪು ಕೊಟ್ಟ ಥಿಯೊಡೊಲೈಟ್‌ಗಿಂತ ಇಂಥ ಕೊಳಕು ಪೆಟ್ಟಿಗೆ ನನಗೆ ಹೆಚ್ಚು.

ಹಣದ ವಿಚಾರ ಮೊದಮೊದಲು ಕಷ್ಟವಾಗಿತ್ತು. ಏನನ್ನೂ ಮಾಡದಿರುವುದಕ್ಕೆ ಬಿಲ್ ಕೇಳುವುದು ಹೇಗೆ? ಈಗ ಪರೀಕ್ಷೆಯ ಶುಲ್ಕ ಎಂದು ಬರೆಯುತ್ತೇನೆ. ಜೊತೆಗೆ ಒಂದು ಹಾಳೆ ಕೊಡುತ್ತೇನೆ: ಬಂದಾಗ ಸ್ಥಿತಿ ಹೇಗಿತ್ತು, ಏನನ್ನು ಬಿಚ್ಚಿದೆ, ಯಾವ ತಿರುಪನ್ನು ಬದಲಿಸಿದೆ, ತೆಗೆದ ಹಳೆಯ ತಿರುಪು ಯಾವ ಪೊಟ್ಟಣದಲ್ಲಿದೆ, ಯಾವುದನ್ನು ಮುಟ್ಟಲಿಲ್ಲ, ಏಕೆ. ಅದನ್ನು ಪೆಟ್ಟಿಗೆಯೊಳಗೇ ಇಡಲು ಹೇಳುತ್ತೇನೆ. ಮುಂದೆ ಅದನ್ನು ತೆರೆಯುವ ಮೆಕ್ಯಾನಿಕ್ ನನ್ನ ಕೆಲಸವನ್ನು ಬೈಯಬೇಕೆನಿಸಿದರೆ, ಯಾವುದನ್ನು ಬೈಯಬೇಕೆಂದಾದರೂ ಗೊತ್ತಿರುತ್ತದೆ.