ತಕರಾರು ಅರ್ಜಿಯಲ್ಲಿ ಮೊದಲು ಸರ್ವೆ ನಂಬರ್ ಇರಲಿ

ಊರಂಚಿನ ಹೊಲದಲ್ಲಿ ಸುಣ್ಣ ಬಳಿದ ಕಲ್ಲು ನಿಂತು, ಜೆಸಿಬಿ ರಸ್ತೆ ಎಳೆದು, ಮೇನ್ ರೋಡಿಗೆ ಬಡಾವಣೆಯ ಫ್ಲೆಕ್ಸ್ ಬಿದ್ದ ಮೇಲೆ ಊರವರೆಲ್ಲ ಒಟ್ಟಾಗಿ ಪಂಚಾಯಿತಿಗೆ ಹೋಗುತ್ತಾರೆ. ಅಷ್ಟು ಹೊತ್ತಿಗೆ ಕೃಷಿ ಜಮೀನನ್ನು ವಸತಿಗೆ ಬದಲಿಸುವ ಭೂ ಪರಿವರ್ತನೆ ಮುಗಿದಿರುತ್ತದೆ, ನಕ್ಷೆಗೆ ಸಹಿ ಬಿದ್ದಿರುತ್ತದೆ, ಒಂದಷ್ಟು ಸೈಟಿಗೆ ಅಡ್ವಾನ್ಸೂ ಬಂದಿರುತ್ತದೆ. ಪಿಡಿಒ ಕೈಚೆಲ್ಲುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ಅದನ್ನು ತಡೆಯಬಹುದಾಗಿದ್ದ ಫೈಲು ಅವರ ಮೇಜಿನ ಮೇಲೆ ಇರಲೇ ಇಲ್ಲ.

ಆ ಫೈಲು ಎಲ್ಲಿರುತ್ತದೆ ಅನ್ನುವುದು ಜಮೀನು ಯೋಜನಾ ಪ್ರಾಧಿಕಾರದ (ಪಟ್ಟಣ ಮತ್ತು ಸುತ್ತಲಿನ ಬೆಳವಣಿಗೆಗೆ ಯೋಜನೆ ಹಾಕುವ ಸಂಸ್ಥೆ) ವ್ಯಾಪ್ತಿಯ ಒಳಗಿದೆಯೋ ಹೊರಗಿದೆಯೋ ಎಂಬುದರ ಮೇಲೆ ನಿಂತಿದೆ. ಒಳಗಿದ್ದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಅನ್ವಯಿಸುತ್ತದೆ. ಯಾವ ಜಾಗ ಯಾವುದಕ್ಕೆ ಎಂದು ಗುರುತಿಸುವ ಮಾಸ್ಟರ್ ಪ್ಲಾನಿನಲ್ಲಿ ಆ ಸರ್ವೆ ನಂಬರು ಕೃಷಿ ವಲಯವೆಂದು ಇದ್ದರೆ, ವಸತಿಗೆ ಬದಲಾಯಿಸಲು ಸೆಕ್ಷನ್ 14ಎ ಪ್ರಕಾರ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಆಕ್ಷೇಪಣೆಗೆ ಕನಿಷ್ಠ 15 ದಿನ ಬಿಡಬೇಕು. ಈ 15 ದಿನದ ಬೆಲೆ ಆಮೇಲೆ ನೂರು ದಿನ ಧರಣಿ ಕೂತರೂ ಸಿಗುವುದಿಲ್ಲ. ಪ್ರಕಟಣೆ ಬರುವುದು ಒಳಪುಟದ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ. ಅದರಲ್ಲಿ ಬಡಾವಣೆಯ ಹೆಸರು ಇರಬೇಕೆಂದಿಲ್ಲ. ಹೋಬಳಿ, ಗ್ರಾಮ, ಸರ್ವೆ ನಂಬರು, ಎಕರೆ-ಗುಂಟೆ, ಇಷ್ಟೇ ಕಂಡರೂ ಆಶ್ಚರ್ಯವಿಲ್ಲ. ಹಾಗಾಗಿ ದಿನಾ ಪೇಪರ್ ನೋಡುವ ಕೆಲಸವನ್ನು ಊರಲ್ಲಿ ಒಬ್ಬರಿಗೆ ಒಪ್ಪಿಸಿಬಿಡುವುದು ಒಳ್ಳೆಯದು.

ಪ್ರಾಧಿಕಾರದ ಹೊರಗಿದ್ದರೆ 1964ರ ಭೂ ಕಂದಾಯ ಕಾಯ್ದೆಯ ಸೆಕ್ಷನ್ 95ರಡಿ ಜಿಲ್ಲಾಧಿಕಾರಿ ಪರಿವರ್ತನೆ ಆದೇಶ ಕೊಡುತ್ತಾರೆ. ಪರಿವರ್ತನೆಯ ಅರ್ಜಿ ಹೋಗುವುದು ಆನ್‌ಲೈನಿನಲ್ಲಿ, ಅಫಿಡವಿಟ್ಟಿನ ಜೊತೆಗೆ. ಪಕ್ಕದ ಹೊಲದವರಿಗೆ ನೋಟಿಸ್ ಬರುತ್ತದೆಂದು ಕಾಯುತ್ತ ಕೂರಬಾರದು. ಪಹಣಿಯಲ್ಲಿ ಹೆಸರು ಬದಲಾಗುವುದು, ಸರ್ವೆಯರ್ ಬಂದು 11ಇ ನಕ್ಷೆಗೆ (ಮಾರುವ ಅಥವಾ ಪಾಲಾಗುವ ಭಾಗದ ನಕ್ಷೆ) ಅಳತೆ ಮಾಡುವುದು, ಒಂದೇ ಕಡೆಯ ನಾಲ್ಕೈದು ಹಿಡುವಳಿ ಒಬ್ಬರ ಕೈ ಸೇರುವುದು ಕಂಡರೆ ಗ್ರಾಮ ಆಡಳಿತಾಧಿಕಾರಿಯ ಹತ್ತಿರ ಆ ದಿನವೇ ವಿಚಾರಿಸಿ.

ತಕರಾರು ಅರ್ಜಿಯಲ್ಲಿ ಏನು ಬರೆಯಬೇಕು? ಸೆಕ್ಷನ್ 95ರಲ್ಲಿ ಪರಿವರ್ತನೆ ನಿರಾಕರಿಸಲು ಕಾರಣಗಳನ್ನು ಹೇಳಿದೆ: ಬೇರೆ ಯಾವುದಾದರೂ ಕಾನೂನಿನ ಉದ್ದೇಶಕ್ಕೆ ಧಕ್ಕೆ, ಸಾರ್ವಜನಿಕ ಉಪದ್ರವ, ಸಾರ್ವಜನಿಕ ಹಿತಕ್ಕೆ ವಿರೋಧ, ಷರತ್ತು ಪಾಲಿಸಲು ಅರ್ಜಿದಾರರಿಗೆ ಆಗದಿರುವುದು ಅಥವಾ ಮನಸ್ಸಿಲ್ಲದಿರುವುದು. ನಿಮ್ಮ ಪ್ರತಿ ಆಕ್ಷೇಪವೂ ಇವುಗಳಲ್ಲಿ ಒಂದರ ಕೆಳಗೆ ಕೂರಬೇಕು. “ಹೊರಗಿನವರು ಬಂದರೆ ಊರು ಕೆಡುತ್ತದೆ” ಅನ್ನುವುದು ಎಲ್ಲಿಯೂ ಕೂರುವುದಿಲ್ಲ. “ಕೊಂಡವರು ರೈತರಲ್ಲ” ಅನ್ನುವುದು ಮೊದಲು ಗಟ್ಟಿ ಅಂಶವಾಗಿತ್ತು. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಅದೂ ನಿಲ್ಲದು. ಆದರೆ ಪರಿಶಿಷ್ಟರಿಗೆ ಮಂಜೂರಾದ ಜಮೀನಾಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಇದೆ. ಸರ್ಕಾರದ ಅನುಮತಿಯಿಲ್ಲದೆ ಆ ಮಾರಾಟ ಊರ್ಜಿತವಾಗದು. ಮೂಲ ಮಂಜೂರಾತಿ ದಾಖಲೆ ತೆಗೆಸಿ ನೋಡಲೇಬೇಕು.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಸಿಗುವುದು ಖರಾಬಿನಲ್ಲಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಪಹಣಿಯ 3ನೇ ಕಾಲಂ ತೆಗೆಯಿರಿ. ಒಟ್ಟು ವಿಸ್ತೀರ್ಣ, ಅದರ ಕೆಳಗೆ ‘ಅ’ ಖರಾಬು, ‘ಬ’ ಖರಾಬು, ಕೊನೆಗೆ ಉಳಿದದ್ದು. ‘ಅ’ ಅಂದರೆ ಬೇಸಾಯಕ್ಕೆ ಬಾರದ ಜಾಗ. ‘ಬ’ ಅಂದರೆ ಹಳ್ಳ, ಬಂಡಿದಾರಿ, ಸ್ಮಶಾನದಂಥ ಸಾರ್ವಜನಿಕರ ಜಾಗ. ಇದನ್ನು ಹಿಡುವಳಿದಾರರು ಮಾರಲು ಬರುವುದಿಲ್ಲ. ಉದಾಹರಣೆಗೆ ಒಟ್ಟು 6 ಎಕರೆ 20 ಗುಂಟೆ, ಅದರಲ್ಲಿ ‘ಬ’ ಖರಾಬು 14 ಗುಂಟೆ ಅಂದುಕೊಳ್ಳಿ. ಬಡಾವಣೆ ನಕ್ಷೆಯ ಮೂಲೆಯಲ್ಲಿ ‘ಒಟ್ಟು ಪ್ರದೇಶ 6 ಎಕರೆ 20 ಗುಂಟೆ’ ಎಂದೇ ಬರೆದಿದ್ದರೆ ಅಲ್ಲೇ ಹಿಡಿಯಬೇಕು. ಗುಂಟೆಗೆ 1,089 ಚದರಡಿಯಂತೆ 14 ಗುಂಟೆಗೆ 15,246 ಚದರಡಿ ಆಯಿತು, ಅಂದರೆ 30×40ರ ಹನ್ನೆರಡು ಸೈಟಿನಷ್ಟು ಊರಿನ ಜಾಗ ಲೆಕ್ಕದೊಳಗೆ ಸೇರಿಹೋಯಿತು. ಪಹಣಿಯಲ್ಲಿ ಖರಾಬು ಸೊನ್ನೆ ಎಂದು ಕಂಡರೂ ನಂಬಿ ಕೂರಬೇಡಿ. ಆಕಾರ್‌ಬಂದ್ (ಸರ್ವೆ ನಂಬರುವಾರು ವಿಸ್ತೀರ್ಣದ ದಾಖಲೆ) ಮತ್ತು ಮೂಲ ಟಿಪ್ಪಣಿಯ (ಮೊದಲ ಅಳತೆಯ ನಕ್ಷೆ) ನಕಲು ತೆಗೆಸಿ ತಾಳೆ ನೋಡಿ, ಹಳೆಯ ಅಂಕಿ ಅಲ್ಲಿರುತ್ತದೆ.

ಆಮೇಲೆ ಗ್ರಾಮ ನಕಾಶೆ. ಜೋಡಿ ಚುಕ್ಕಿ ಗೆರೆ ಬಂಡಿದಾರಿ, ಒಂಟಿ ಚುಕ್ಕಿ ಗೆರೆ ಕಾಲುದಾರಿ. ಬಡಾವಣೆ ನಕ್ಷೆಯನ್ನು ಅದೇ ಅಳತೆಗೆ ತಂದು ಟ್ರೇಸಿಂಗ್ ಹಾಳೆಯಲ್ಲಿ ಎಳೆದು ಮೇಲಿಟ್ಟರೆ, ದಾರಿ ಯಾವ ಸೈಟಿನ ನಡುವೆ ಹಾದುಹೋಗುತ್ತದೆ ಎಂದು ಕಣ್ಣಿಗೇ ಕಾಣುತ್ತದೆ. “ನಮ್ಮ ದಾರಿ ಮುಚ್ಚಿದ್ದಾರೆ” ಎಂದು ಮೂರು ಪುಟ ಬರೆಯುವುದಕ್ಕಿಂತ, “ಇಷ್ಟನೇ ಸರ್ವೆ ನಂಬರಿನ ಬಂಡಿದಾರಿ ನಕ್ಷೆಯ ಇಂತಿಂಥ ಸೈಟುಗಳಲ್ಲಿ ಸೇರಿದೆ, ಭೂ ಕಂದಾಯ ಕಾಯ್ದೆಯ ಸೆಕ್ಷನ್ 67ರಂತೆ ಇದು ಸರ್ಕಾರಿ ಸ್ವತ್ತು, ಅಳತೆ ಮಾಡಿಸಿ” ಎಂದು ತಹಶೀಲ್ದಾರರಿಗೆ ಬರೆದ ಮೂರು ಸಾಲು ಹೆಚ್ಚು ಕೆಲಸ ಮಾಡುತ್ತದೆ.

ನೀರಿನ ವಿಷಯಕ್ಕೆ ಬಂದರೆ ಲೆಕ್ಕ ಹಾಕಿಯೇ ಮಾತಾಡಬೇಕು. 10 ಎಕರೆಯಲ್ಲಿ 30×40ರ ಸುಮಾರು 180 ಸೈಟು ಬರುತ್ತವೆ. ಮನೆಗೆ ಐದು ಜನ, ಪಟ್ಟಣದ ಲೆಕ್ಕದಲ್ಲಿ ತಲೆಗೆ 135 ಲೀಟರ್, ದಿನಕ್ಕೆ 1,21,500 ಲೀಟರ್. ಜಲಜೀವನ್ ಮಿಷನ್ ಹಳ್ಳಿಗೆ ಲೆಕ್ಕ ಹಾಕುವುದು ತಲೆಗೆ 55 ಲೀಟರ್. ಊರಿನ ಟ್ಯಾಂಕು 50,000 ಲೀಟರಿನದಾದರೆ, ಹೊಸ ಬಡಾವಣೆಯೊಂದಕ್ಕೇ ದಿನಕ್ಕೆ ಎರಡು ಸಲ ತುಂಬಿಸಿದರೂ ಸಾಲದು. “ಎಲ್ಲ ಮನೆ ಒಟ್ಟಿಗೆ ಏಳುವುದಿಲ್ಲವಲ್ಲ” ಎಂಬ ಉತ್ತರ ಬಂದೇ ಬರುತ್ತದೆ. ಸರಿ, ಆದರೆ ಅನುಮತಿ ಕೊಡುತ್ತಿರುವುದು 180ಕ್ಕೆ. ಹೊಸ ಬೋರ್ ಎಲ್ಲಿ ಕೊರೆಯುತ್ತಾರೆ ಎಂದೂ ಕೇಳಿ. ಕುಡಿಯುವ ನೀರಿನ ಮೂಲ ರಕ್ಷಿಸುವ 1999ರ ಕಾಯ್ದೆಯಂತೆ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ. ಪಂಚಾಯಿತಿ ಬೋರಿನಿಂದ ದೂರವನ್ನು ಮೊಬೈಲ್ ಮ್ಯಾಪಿನಲ್ಲಿ ಅಳೆದು, ಅದರ ಚಿತ್ರವನ್ನೇ ಅರ್ಜಿಗೆ ಲಗತ್ತಿಸಬಹುದು.

ಬಳಸಿದ ನೀರಿನ ಶೇ. 80 ಕೊಳಚೆಯಾಗಿ ಹೊರಬರುತ್ತದೆ, ಅಂದರೆ ದಿನಕ್ಕೆ 97 ಸಾವಿರ ಲೀಟರ್. ಶುದ್ಧೀಕರಣ ಘಟಕ ನಕ್ಷೆಯಲ್ಲಿ ಇದ್ದರಷ್ಟೇ ಸಾಲದು. ಶುದ್ಧವಾದ ನೀರು ಎಲ್ಲಿಗೆ ಹೋಗುತ್ತದೆ, ಮೋಟಾರಿನ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ ಎಂದು ಬರಹದಲ್ಲಿ ಕೇಳಿ. ಘಟಕ ಬಹಳ ಸಲ ನಿಲ್ಲುವುದು ಈ ಬಿಲ್ಲಿನಿಂದಲೇ. ಆಮೇಲೆ ಕೊಳಚೆ ಇಳಿಜಾರು ಹಿಡಿದು ಕೆರೆಗೆ ಇಳಿಯುತ್ತದೆ.

ಮಳೆನೀರಿನದು ಇನ್ನೊಂದು ಕಥೆ. 10 ಎಕರೆ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 20 ಲಕ್ಷ ಲೀಟರ್. ಉತ್ತ ಹೊಲ ಅದರಲ್ಲಿ ಹೆಚ್ಚುಪಾಲು ಕುಡಿಯುತ್ತದೆ, ಹರಿದುಹೋಗುವುದು ಆರು ಲಕ್ಷ ಅನ್ನೋಣ. ಅದೇ ಜಾಗಕ್ಕೆ ಡಾಂಬರು, ಕಾಂಕ್ರೀಟು ಬಿದ್ದರೆ ಹದಿನಾಲ್ಕು ಲಕ್ಷ ಹರಿಯುತ್ತದೆ, ಅದೂ ಬೇಗ. ಈ ನೀರು ಹೋಗಬೇಕಾದ ಹಳ್ಳಕ್ಕೆ 600 ಮಿ.ಮೀ. ಹ್ಯೂಮ್ ಪೈಪ್ (ಕಾಂಕ್ರೀಟ್ ಕೊಳವೆ) ಹಾಕಿ ಮೇಲೆ ರಸ್ತೆ ಮಾಡುವುದು ಎಲ್ಲೆಲ್ಲೂ ಕಾಣುವ ತಪ್ಪು. ಮೂರು ಮೀಟರ್ ಅಗಲ, ಒಂದು ಮೀಟರ್ ಆಳದ ಹಳ್ಳದ ಹತ್ತರಲ್ಲಿ ಒಂದು ಪಾಲೂ ಆ ಪೈಪಿನ ಬಾಯಿ ಇರುವುದಿಲ್ಲ. ಮೊದಲ ಮಳೆಗೆ ಕಳೆ, ಪ್ಲಾಸ್ಟಿಕ್, ತೆಂಗಿನ ಗರಿ ಬಂದು ಅದಕ್ಕೂ ಅಡ್ಡ ಕೂರುತ್ತವೆ. ನೀರು ಹಿಂದಕ್ಕೆ ತುಂಬಿ ಮೇಲಿನ ತೋಟದಲ್ಲಿ ನಿಲ್ಲುತ್ತದೆ. ಪೈಪ್ ಬೇಡ, ಹಳ್ಳದ ಪೂರ್ಣ ಅಗಲಕ್ಕೆ ಬಾಕ್ಸ್ ಮೋರಿ (ಪೆಟ್ಟಿಗೆಯಾಕಾರದ ಕಾಂಕ್ರೀಟ್ ಮೋರಿ) ಬೇಕು ಎಂದು ಷರತ್ತು ಕೇಳಿ.

ಪರಿಸರ ಅನುಮತಿಯ ಮೇಲೆ ಬಹಳ ಆಸೆ ಇಟ್ಟುಕೊಳ್ಳಬೇಡಿ. 2006ರ ಅಧಿಸೂಚನೆಯಂತೆ ಅದು ಬೇಕಾಗುವುದು 20,000 ಚದರ ಮೀಟರ್ ಕಟ್ಟಡ ಅಥವಾ 50 ಹೆಕ್ಟೇರ್ ಬಡಾವಣೆಯಿಂದ ಮೇಲಕ್ಕೆ. ಬೇಕಾದರೂ ವಸತಿ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆಯಿಂದ ವಿನಾಯಿತಿ ಇದೆ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, ಹೆಚ್ಚು ಉಪಯೋಗಕ್ಕೆ ಬರುತ್ತದೆ. 500 ಚದರ ಮೀಟರ್ ದಾಟಿದ ಬಡಾವಣೆಯ ನಕ್ಷೆ, ಹಕ್ಕುಪತ್ರಗಳು ಅದರ ಜಾಲತಾಣದಲ್ಲಿರುತ್ತವೆ, ಯಾರು ಬೇಕಾದರೂ ನೋಡಬಹುದು.

ಮುನ್ನೂರು ಸಹಿಯ ಒಂದು ಮನವಿ ಕಚೇರಿಯ ಲೆಕ್ಕದಲ್ಲಿ ಒಂದೇ ಕಾಗದ. ದಾರಿ ಕಳೆದುಕೊಳ್ಳುವವರು ದಾರಿಯ ಬಗ್ಗೆ, ತೋಟದವರು ಹಳ್ಳದ ಬಗ್ಗೆ, ನೀರಿನ ಸಮಿತಿಯವರು ಬೋರಿನ ಬಗ್ಗೆ ಬೇರೆ ಬೇರೆ ಅರ್ಜಿ ಕೊಟ್ಟು, ಪ್ರತಿಯೊಂದಕ್ಕೂ ಸೀಲು ಬಿದ್ದ ಸ್ವೀಕೃತಿ ತೆಗೆದುಕೊಳ್ಳಬೇಕು. ದಾಖಲೆಗೆ ಆರ್‌ಟಿಐ ಹಾಕುವಾಗ ಕರ್ನಾಟಕದ ನಿಯಮ ನೆನಪಿರಲಿ: ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಶುಲ್ಕ 10 ರೂಪಾಯಿ. ಕತೆ ಬರೆದರೆ ಅದೇ ನೆಪಕ್ಕೆ ವಾಪಸ್ ಬರುತ್ತದೆ.

ಇಷ್ಟೆಲ್ಲ ಮಾಡಿದರೂ ಬಡಾವಣೆ ಪೂರ್ತಿ ನಿಲ್ಲುವುದು ಅಪರೂಪ. ಮಾರಿದವರೂ ಊರಿನವರೇ, ಸಾಲವೋ ಮದುವೆಯೋ ಅವರಿಗೂ ಕಾರಣ ಇರುತ್ತದೆ. ಅದಕ್ಕೆ ‘ಬೇಡವೇ ಬೇಡ’ ಅನ್ನುವ ಅರ್ಜಿಯ ಕೊನೆಗೆ ‘ಕೊಡುವುದಾದರೆ ಈ ಷರತ್ತುಗಳು’ ಎಂಬ ಭಾಗ ಇಡುವುದು ಜಾಣತನ. ಪಂಚಾಯಿತಿಯ ಕೈಯಲ್ಲಿ ನಿಜವಾದ ಹಿಡಿತ ಬರುವುದು ಬಡಾವಣೆಯನ್ನು ವಹಿಸಿಕೊಳ್ಳುವ ದಿನ. ರಸ್ತೆ, ಪಾರ್ಕು, ನಾಗರಿಕ ಸೌಲಭ್ಯದ ಜಾಗ ನೋಂದಣಿಯಾದ ಪತ್ರದ ಮೂಲಕ ಸಾರ್ವಜನಿಕರ ಹೆಸರಿಗೆ ಬಂದಿದೆಯೇ, ಮೋರಿ ನಕ್ಷೆಯಂತೆ ಕಟ್ಟಿದ್ದಾರೆಯೇ, ಘಟಕ ಓಡುತ್ತಿದೆಯೇ ಎಂದು ಸದಸ್ಯರು ಸ್ಥಳದಲ್ಲಿ ನಿಂತು ನೋಡಿದ ಮೇಲಷ್ಟೇ ಠರಾವು ಪಾಸಾಗಲಿ. ಬೀದಿದೀಪದ ಬಿಲ್ಲು, ಚರಂಡಿಯ ಹೂಳು ಮರುದಿನದಿಂದ ಊರಿನ ಖರ್ಚಿಗೆ ಬರುತ್ತವೆ.