ಮಳೆ ಲೆಕ್ಕದ ಪ್ರೋಗ್ರಾಂ: ಮೂರು ಮೆಥಡ್‌ಗಳ ಜಾಗಕ್ಕೆ ಒಂದು

ಮನೆಯ ಮಳೆಮಾಪಕದ ಲೆಕ್ಕ ಇಡಲು ಬರೆಯುತ್ತಿರುವ ಜಾವಾ ಪ್ರೋಗ್ರಾಂ ಈ ವಾರ ಚೆನ್ನಾಗಿ ಮುಂದೆ ಹೋಯಿತು. ಅದರಲ್ಲಿ ಲಿಸ್ಟಿನ ಅತಿ ದೊಡ್ಡದನ್ನು ಹುಡುಕುವ ಮೆಥಡ್ (ಒಂದು ಕೆಲಸ ಮಾಡುವ ಕೋಡ್ ತುಂಡು) ಮೂರಿದ್ದವು. ಮಿಲಿಮೀಟರಿಗೆ ಡಬಲ್, ಮಳೆ ಬಂದ ದಿನಗಳ ಎಣಿಕೆಗೆ ಇಂಟಿಜರ್, ಕೊನೆಯ ಮಳೆಯ ತಾರೀಖಿಗೆ ಲೋಕಲ್‌ಡೇಟ್. ಒಳಗಿನ ಲೂಪ್ ಮೂರರಲ್ಲೂ ಒಂದೇ. ಒಂದೇ ಕೋಡ್ ಬೇರೆ ಬೇರೆ ಟೈಪಿಗೆ (ಡೇಟಾದ ಬಗೆಗೆ) ಓಡುವಂತೆ ಮಾಡುವ ಜೆನೆರಿಕ್ ಮೆಥಡ್ ಇರುವುದೇ ಇಂಥ ಕಡೆಗೆ.

ರಿಟರ್ನ್ ಟೈಪಿಗಿಂತ ಮುಂಚೆ <ಟಿ> ಅಂತ ಬರೆದರೆ ಮೆಥಡ್ ಜೆನೆರಿಕ್ ಆಗುತ್ತದೆ. ಟಿ ಅಂದರೆ ಯಾವ ಟೈಪ್ ಆದರೂ ಬಂದು ಕೂರಬಹುದಾದ ಜಾಗ. ಅದಿರುವ ಕ್ಲಾಸ್ ಜೆನೆರಿಕ್ ಆಗಿರಬೇಕು ಅಂತೇನಿಲ್ಲ. ಆದರೆ ಬರೀ ಟಿ ಸಾಲದು, ಹೋಲಿಸಲು ಕಂಪೇರ್‌ಟು ಅನ್ನೋ ಮೆಥಡ್ ಬೇಕಲ್ವಾ? ಅದಕ್ಕೆ <ಟಿ ಎಕ್ಸ್‌ಟೆಂಡ್ಸ್ ಕಂಪೇರಬಲ್<ಟಿ>> ಅಂತ ಮಿತಿ ಹಾಕಿದೆ, ಅಂದರೆ ತನ್ನಂಥದ್ದರ ಜೊತೆ ಹೋಲಿಸಲು ಬರುವ ಟೈಪಿಗೆ ಮಾತ್ರ ಅವಕಾಶ. ಪ್ಯಾರಾಮೀಟರ್ ಲಿಸ್ಟ್<ಟಿ>. ಕರೆಯುವಾಗ ಟೈಪ್ ಹೇಳಬೇಕಿಲ್ಲ, ಕೊಟ್ಟ ಲಿಸ್ಟ್ ನೋಡಿ ಕಂಪೈಲರೇ (ಕೋಡನ್ನು ಪರೀಕ್ಷಿಸಿ ಓಡುವ ರೂಪಕ್ಕೆ ತರುವ ಪ್ರೋಗ್ರಾಂ) ಕಂಡುಕೊಳ್ಳುತ್ತದೆ.

ಡಬಲ್, ಇಂಟಿಜರ್ ಎರಡೂ ಸಲೀಸಾಗಿ ಹೋದವು. ಲೋಕಲ್‌ಡೇಟ್ ಲಿಸ್ಟನ್ನು ಮಾತ್ರ ಕಂಪೈಲರ್ ಒಪ್ಪಲಿಲ್ಲ. ಈ ವಾರದ ನಿಜವಾದ ಕಲಿಕೆ ಇಲ್ಲೇ. ಎರಡು ತಾರೀಖು ಹೋಲಿಸಲು ಬರುತ್ತದೆ ಅನ್ನೋದು ನಿಜ. ಆದರೆ ಲೋಕಲ್‌ಡೇಟ್ ಆ ಗುಣವನ್ನು ಪಡೆದಿರುವುದು ಕ್ರೋನೋಲೋಕಲ್‌ಡೇಟ್ ಅನ್ನೋ ಇಂಟರ್‌ಫೇಸಿನಿಂದ (ಯಾವ ಮೆಥಡ್‌ಗಳು ಇರಬೇಕು ಅಂತ ಹೇಳುವ ಒಪ್ಪಂದ). ಹಾಗಾಗಿ ಅದು ಕಂಪೇರಬಲ್<ಕ್ರೋನೋಲೋಕಲ್‌ಡೇಟ್>, ಕಂಪೇರಬಲ್<ಲೋಕಲ್‌ಡೇಟ್> ಅಲ್ಲ. ನನ್ನ ಮಿತಿ ಕೇಳುತ್ತಿದ್ದದ್ದು ಎರಡನೆಯದನ್ನು.

ಮಿತಿಯನ್ನು ಕಂಪೇರಬಲ್<? ಸೂಪರ್ ಟಿ> ಅಂತ ಸಡಿಲಿಸಿದೆ. ಈಗ ಟಿ ತನ್ನ ಜೊತೆಗೋ ತನ್ನ ಮೇಲಿನ ಯಾವುದೋ ಟೈಪಿನ ಜೊತೆಗೋ ಹೋಲಿಸಲು ಬಂದರೆ ಸಾಕು. ಮೂರೂ ಲಿಸ್ಟ್ ಒಂದೇ ಮೆಥಡ್‌ನಲ್ಲಿ ಓಡಿದವು, ಎಲ್ಲೂ ಕಾಸ್ಟ್ (ಇದು ಇಂಥ ಟೈಪ್ ಅಂತ ನಾವೇ ಬರೆದು ಹೇಳುವುದು) ಇಲ್ಲ. ತುಂಬಾ ಖುಷಿಯಾಯಿತು.

ಆಮೇಲೆ ಜಾವಾದ್ದೇ ಕಲೆಕ್ಷನ್ಸ್.ಮ್ಯಾಕ್ಸ್ ತೆರೆದು ನೋಡಿದೆ. ಅಲ್ಲೂ ಇದೇ ಸೂಪರ್ ಇದೆ, ಜೊತೆಗೆ ಮುಂದುಗಡೆ 'ಆಬ್ಜೆಕ್ಟ್ &' ಅಂತ ಬೇರೆ. ಆಬ್ಜೆಕ್ಟ್ ಅಂದರೆ ಜಾವಾದ ಎಲ್ಲ ಕ್ಲಾಸ್‌ಗಳ ಮೂಲ. ಅದು ಸುಮ್ನೆ ಬರೆದದ್ದಲ್ಲ. ಜೆನೆರಿಕ್ಸ್ ಬಂದದ್ದು 2004ರಲ್ಲಿ, ಜಾವಾ 5ರ ಜೊತೆ; ಮ್ಯಾಕ್ಸ್ ಅದಕ್ಕೂ ಮುಂಚೆಯೇ ಇತ್ತು, ಆಗ ಆಬ್ಜೆಕ್ಟ್ ವಾಪಸ್ ಕೊಡುತ್ತಿತ್ತು. ಕಂಪೈಲ್ ಆದ ಮೇಲೆ ಟಿ ಅಳಿಸಿಹೋಗಿ ಅದರ ಮೊದಲ ಮಿತಿ ಮಾತ್ರ ಉಳಿಯುತ್ತದೆ. ಮೊದಲ ಮಿತಿ ಕಂಪೇರಬಲ್ ಆಗಿದ್ದರೆ ಮೆಥಡ್‌ನ ರಿಟರ್ನ್ ಟೈಪೂ ಕಂಪೇರಬಲ್ ಆಗುತ್ತಿತ್ತು. ಆಬ್ಜೆಕ್ಟ್ ಸಿಗುತ್ತದೆ ಅಂತ ನಂಬಿ ಮೊದಲೇ ಕಂಪೈಲ್ ಆಗಿದ್ದ ಹಳೇ ಕೋಡ್ ಆಗ ನಿಂತುಹೋಗುತ್ತಿತ್ತು. ಹಳಬರ ಕೋಡನ್ನು ಇಷ್ಟು ಜೋಪಾನವಾಗಿ ಕಾಪಾಡಿದವರ ಬಗ್ಗೆ ನನಗೆ ಗೌರವ ಜಾಸ್ತಿಯಾಯಿತು.

ಇನ್ನೂ ಎರಡು ಕೆಲಸ ಬಾಕಿ. ಬೇಸಿಗೆಯಲ್ಲಿ ಲಿಸ್ಟ್ ಖಾಲಿ ಇರುತ್ತದೆ, ಆಗ ಆಪ್ಷನಲ್<ಟಿ> (ಒಳಗೆ ಉತ್ತರ ಇರಬಹುದು, ಇಲ್ಲದೆಯೂ ಇರಬಹುದು ಅನ್ನೋ ಡಬ್ಬಿ) ವಾಪಸ್ ಕೊಡಬೇಕು. ಇನ್ನೊಂದು, ತಿಂಗಳುವಾರು ಗುಂಪು ಮಾಡುವ ಮೆಥಡ್. ಅದಕ್ಕೆ ಕೆ ಮತ್ತು ವಿ ಅಂತ ಎರಡು ಟೈಪ್ ಪ್ಯಾರಾಮೀಟರ್ ಬೇಕು. ಕೆ ಜಾಗಕ್ಕೆ ಇಯರ್‌ಮಂತ್ ಹಾಕುತ್ತೇನೆ.