ಮಾರ್ಕೋಸ್‌ಗೆ 21 ಕುಶಾಲತೋಪು

2016ರ ನವೆಂಬರ್ 18, ಶುಕ್ರವಾರ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಆಫೀಸಿನಲ್ಲಿ ಒಬ್ಬೊಬ್ಬರ ಫೋನೂ ಗುಂಯ್‌ಗುಡಲು ಶುರುವಾಯಿತು. ಫಿಲಿಪೀನ್ಸ್‌ನ ಮಾಜಿ ಅಧ್ಯಕ್ಷ, ಸರ್ವಾಧಿಕಾರಿ, ಸತ್ತು 27 ವರ್ಷವಾದ ಮಾರ್ಕೋಸ್‌ನನ್ನು ಇವತ್ತೇ ವೀರರ ಸ್ಮಶಾನದಲ್ಲಿ ಹೂಳುತ್ತಾರಂತೆ. ಅದೂ ಮಧ್ಯಾಹ್ನ ಹನ್ನೆರಡಕ್ಕೆ.

ಆಗ ನಾನು ಮನಿಲಾದಲ್ಲಿ ಕೆಲಸಕ್ಕಿದ್ದೆ. ತಾಗಿಗ್‌ನ ಬಿಜಿಸಿ ಅನ್ನೋ ಏರಿಯಾದಲ್ಲಿ ಆಫೀಸು. ಒಂದು ಕಾಲಕ್ಕೆ ಅದೆಲ್ಲ ಸೇನೆಯ ಜಾಗ, ಈಗ ಎಲ್ಲಿ ನೋಡಿದರೂ ಗಾಜಿನ ಕಟ್ಟಡ. ನಮ್ಮ ಮಹಡಿಯ ಕಿಟಕಿಯಿಂದ ಬಿಳಿ ಶಿಲುಬೆಗಳು ಸಾಲು ಸಾಲಾಗಿ ಕಾಣುತ್ತಿದ್ದವು. ಹೊಸದಾಗಿ ಬಂದವರು ಅದನ್ನೇ ವೀರರ ಸ್ಮಶಾನ ಅಂದುಕೊಳ್ಳುತ್ತಾರೆ. ಅದಲ್ಲ, ಅದು ಎರಡನೇ ಮಹಾಯುದ್ಧದಲ್ಲಿ ಸತ್ತ ಅಮೆರಿಕದ ಸೈನಿಕರದ್ದು. ಫಿಲಿಪೀನ್ಸ್‌ನವರ ವೀರರ ಸ್ಮಶಾನ, 'ಲಿಬಿಂಗನ್ ನಂಗ್ ಮಂಗ ಬಯಾನಿ', ಅದರಿಂದಾಚೆ ಸ್ವಲ್ಪ ದೂರ. ಸೈನಿಕರು, ಕೆಲವು ಮಾಜಿ ಅಧ್ಯಕ್ಷರು, ರಾಷ್ಟ್ರೀಯ ಕಲಾವಿದರು ಅಂತ ಗೌರವ ಪಡೆದವರು ಅಲ್ಲಿದ್ದಾರೆ.

ಹತ್ತು ದಿನ ಮೊದಲಷ್ಟೇ ಅವರ ಸುಪ್ರೀಂ ಕೋರ್ಟು 9-5ರಲ್ಲಿ ತೀರ್ಪು ಕೊಟ್ಟಿತ್ತು. ಮಾರ್ಕೋಸ್‌ನನ್ನು ಅಲ್ಲಿ ಹೂಳಲು ಕಾನೂನಿನ ಅಡ್ಡಿಯಿಲ್ಲ ಅಂತ. ಮರುಪರಿಶೀಲನೆಗೆ ಅರ್ಜಿ ಹಾಕಲು 15 ದಿನ ಅವಕಾಶವಿತ್ತು. ಅದು ಮುಗಿಯುವವರೆಗಾದರೂ ಕಾಯುತ್ತಾರೆ ಅಂತ ಎಲ್ಲರೂ ತಿಳಿದಿದ್ದರು. ಕಾಯಲಿಲ್ಲ. ಹೂಳಿಸುತ್ತೇನೆ ಅಂತ ಚುನಾವಣೆಯಲ್ಲಿ ಮಾತು ಕೊಟ್ಟಿದ್ದ ಅಧ್ಯಕ್ಷ ದುತೆರ್ತೆ ಏಷ್ಯಾ-ಪೆಸಿಫಿಕ್ ದೇಶಗಳ ಅಪೆಕ್ ಶೃಂಗಸಭೆಗೆ ಪೆರು ದೇಶಕ್ಕೆ ಹೊರಟಾಗಿತ್ತು. ಹೆಣ ಮಾರ್ಕೋಸ್ ಊರಿನ ಕಡೆಯ ಇಲೋಕೋಸ್‌ನಿಂದ ಹೆಲಿಕಾಪ್ಟರಿನಲ್ಲಿ ಬಂತು. ಪತ್ರಕರ್ತರನ್ನು ಗೇಟಿನಿಂದ ಒಳಗೆ ಬಿಡಲಿಲ್ಲ. 21 ಕುಶಾಲತೋಪು ಹಾರಿಸಿದರು. ಮುಗಿಯಿತು. ನಾವು ಕ್ಯಾಂಟೀನಿನಲ್ಲಿ ತಟ್ಟೆ ಇಟ್ಟುಕೊಂಡು ಕೂರುವಷ್ಟರಲ್ಲಿ ಎಲ್ಲಾ ಮುಗಿದುಹೋಗಿತ್ತು. ಉಪಾಧ್ಯಕ್ಷೆ ಲೆನಿ ರೊಬ್ರೆಡೊ, ಇದು ರಾತ್ರಿ ಕಳ್ಳ ಬಂದ ಹಾಗಾಯಿತು ಅಂದರು. ನಡುಮಧ್ಯಾಹ್ನ ನಡೆದರೂ ಆ ಮಾತು ಸರಿಯಾಗೇ ಇತ್ತು.

ನಮ್ಮ ಊಟದ ಟೇಬಲ್ಲಿನಲ್ಲಿ ಯಾವಾಗಲೂ ಇಬ್ಬರು ಎದುರುಬದುರು ಕೂರುತ್ತಿದ್ದರು. ಒಬ್ಬಳು ನನ್ನ ಟೀಮಿನ ಗೆಳತಿ, ಉತ್ತರದ ಇಲೋಕೋಸ್ ಕಡೆಯವಳು, ಮಾರ್ಕೋಸ್ ಊರಿನ ಸೀಮೆ. ಇನ್ನೊಬ್ಬರು ಅಕೌಂಟ್ಸಿನ ತೀತಾ. ಅಲ್ಲಿ ವಯಸ್ಸಾದ ಹೆಂಗಸರನ್ನು ಹಾಗೇ ಕರೆಯೋದು, ನಾವು ಚಿಕ್ಕಮ್ಮ ಅಂದ ಹಾಗೆ. ಆವತ್ತು ಗೆಳತಿ ಖುಷಿಯಲ್ಲಿದ್ದಳು. ಅವಳ ಕಡೆಯವರು ಮಾರ್ಕೋಸ್‌ನನ್ನು 'ಅಪೊ ಲಕಾಯ್' ಅಂತಾರೆ, ಮನೆಯ ಯಜಮಾನರನ್ನು ಕರೆಯುವಂತೆ. "ನಮ್ಮಜ್ಜನ ಊರಿಗೆ ರಸ್ತೆ ಬಂದಿದ್ದು, ಕರೆಂಟ್ ಬಂದಿದ್ದು ಅವರ ಕಾಲದಲ್ಲಿ. ಅಷ್ಟು ವರ್ಷ ಕಾದು ಕೊನೆಗೂ ಶಾಂತಿ ಸಿಕ್ತು," ಅಂದಳು. ತೀತಾ ಏನೂ ಹೇಳಲಿಲ್ಲ. ಅನ್ನವನ್ನು ಚಮಚದಲ್ಲಿ ಒತ್ತುತ್ತಾ ಕೂತಿದ್ದರು.

ನಾನು ಆ ಹೆಣವನ್ನು ನೋಡಿದ್ದೆ. ಹಿಂದೊಮ್ಮೆ ರಜೆಗೆ ವಿಗಾನ್, ಲಾವಾಗ್ ಅಂತ ಸುತ್ತಾಡುವಾಗ ವ್ಯಾನಿನ ಡ್ರೈವರ್ ಹೆಣ ಇಟ್ಟಿದ್ದ ಬಟಾಕ್‌ಗೂ ಕರೆದುಕೊಂಡು ಹೋಗಿದ್ದ. ಅಲ್ಲಿನ ಪ್ರವಾಸಿ ಪಟ್ಟಿಯಲ್ಲಿ ಆಗ ಅದೂ ಒಂದು ಜಾಗ. ಹೊರಗೆ ಉರಿಬಿಸಿಲು, ಒಳಗೆ ಮೂಳೆ ಕೊರೆಯುವ ಎಸಿ. ಕತ್ತಲು ಕೋಣೆ, ಚರ್ಚಿನ ಹಾಡು ಮೆಲ್ಲಗೆ ಕೇಳುತ್ತಿತ್ತು. ನಡುವೆ ಗಾಜಿನ ಪೆಟ್ಟಿಗೆ. ಅದರೊಳಗೆ ಬಿಳಿ ಬಾರೊಂಗ್ ಅಂಗಿ ತೊಟ್ಟು, ಎದೆ ಮೇಲೆ ಪದಕ ಇಟ್ಟುಕೊಂಡು ಮಲಗಿದ ಮನುಷ್ಯ. ಮುಖ ಎಷ್ಟು ನುಣುಪಾಗಿತ್ತೆಂದರೆ, ಇದು ಮೇಣದ ಗೊಂಬೆ ಅಂತ ಜನ ಮಾತಾಡಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ ಅನ್ನಿಸಿತು. ಫೋಟೊ ತೆಗೆಯುವಂತಿಲ್ಲ ಅಂತ ಕಾವಲುಗಾರ ಕೈಸನ್ನೆ ಮಾಡಿದ. ನನ್ನ ಹಿಂದಿದ್ದ ಮುದುಕಿಯೊಬ್ಬರು ಶಿಲುಬೆಯ ಗುರುತು ಮಾಡಿಕೊಂಡು ಕಣ್ಣೊರೆಸಿಕೊಂಡರು. ಅದು ನಾಟಕವಲ್ಲ, ನಿಜವಾದ ದುಃಖ.

ಆ ಪದಕಗಳ ಕಥೆ ಬೇರೆಯೇ ಇದೆ. ಯುದ್ಧದಲ್ಲಿ 'ಮಹಾರ್ಲಿಕಾ' ಅನ್ನೋ ಗೆರಿಲ್ಲಾ ಪಡೆ ಕಟ್ಟಿ ಜಪಾನಿಗಳ ವಿರುದ್ಧ ಹೋರಾಡಿದೆ ಅಂತ ಮಾರ್ಕೋಸ್ ಜೀವನಪೂರ್ತಿ ಹೇಳಿಕೊಂಡಿದ್ದ. ಅಮೆರಿಕ ಸೇನೆಯ ಹಳೇ ಕಡತಗಳು 1986ರಲ್ಲಿ ಹೊರಬಂದಾಗ, ಆ ಹೇಳಿಕೆ ಮೋಸದ್ದು ಅಂತ ಸೇನೆಯೇ ಎಂದೋ ಬರೆದಿಟ್ಟಿದ್ದು ಗೊತ್ತಾಯಿತು. 2016ರಲ್ಲಿ ಅವರದೇ ರಾಷ್ಟ್ರೀಯ ಇತಿಹಾಸ ಆಯೋಗ ಇದನ್ನೆಲ್ಲ ಇಟ್ಟುಕೊಂಡು, ಮಾರ್ಕೋಸ್‌ನನ್ನು ಅಲ್ಲಿ ಯಾಕೆ ಹೂಳಬಾರದು ಅಂತ ವರದಿಯನ್ನೇ ಹೊರಡಿಸಿತ್ತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಯೋಗದ ಅಧ್ಯಕ್ಷೆ ರಾಜೀನಾಮೆ ಕೊಟ್ಟರು.

ಈಗ ಕೋರ್ಟಿನ ಮಾತಿಗೆ ಬರೋಣ. ಸೇನೆಯ ನಿಯಮದ ಪ್ರಕಾರ ಮಾಜಿ ಅಧ್ಯಕ್ಷ, ಮಾಜಿ ಸೈನಿಕ ಇಬ್ಬರಿಗೂ ಅಲ್ಲಿ ಜಾಗವಿದೆ. ಸೇನೆಯಿಂದ ಅಗೌರವದಿಂದ ಹೊರಹಾಕಿಸಿಕೊಂಡವರಿಗೆ, ನೀತಿಗೆಟ್ಟ ಅಪರಾಧದಲ್ಲಿ ಅಂತಿಮ ಶಿಕ್ಷೆಯಾದವರಿಗೆ ಇಲ್ಲ. ಮಾರ್ಕೋಸ್‌ಗೆ ಅಂಥ ಶಿಕ್ಷೆಯಾಗಿರಲಿಲ್ಲ. ಆಗೋದು ಹೇಗೆ? 20 ವರ್ಷ ಕುರ್ಚಿ ಬಿಡಲಿಲ್ಲ, ಬಿಟ್ಟ ದಿನವೇ ಅಮೆರಿಕದವರ ಹೆಲಿಕಾಪ್ಟರ್ ಹತ್ತಿದ, 1989ರಲ್ಲಿ ಹವಾಯಿಯಲ್ಲಿ ಸತ್ತ. ಇನ್ನೊಂದು ಮಾತನ್ನೂ ಕೋರ್ಟು ಹೇಳಿತು: ಅಲ್ಲಿ ಹೂತ ಮಾತ್ರಕ್ಕೆ ಯಾರೂ ವೀರರಾಗುವುದಿಲ್ಲ, ಸ್ಮಶಾನದ ಹೆಸರು ಹಾಗಿದೆ ಅಷ್ಟೆ.

ಈ ವಾದ ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ. ಹೆಸರಿಗೆ ಬೆಲೆಯಿಲ್ಲ ಅಂದರೆ ಆ ಕುಟುಂಬ ಅಷ್ಟು ವರ್ಷ ಕಾದಿದ್ದು ಯಾತಕ್ಕೆ? 1993ರಲ್ಲಿ ಅಧ್ಯಕ್ಷ ರಾಮೋಸ್ ಹೆಣ ತರಲು ಬಿಟ್ಟಿದ್ದು ಷರತ್ತಿನ ಮೇಲೆ. ನೇರ ಇಲೋಕೋಸ್‌ಗೆ ಒಯ್ಯಬೇಕು, ಅಲ್ಲೇ ಮಣ್ಣು ಮಾಡಬೇಕು, ವೀರರ ಸ್ಮಶಾನದ ಮಾತು ಬೇಡ. ಒಪ್ಪಿಕೊಂಡು ತಂದರು. ಆದರೆ ಮಣ್ಣು ಮಾಡಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟು 23 ವರ್ಷ ಎಸಿ ಓಡಿಸಿದರು. 1998ರಲ್ಲಿ ಎಸ್ತ್ರಾದಾ ಅಧ್ಯಕ್ಷರಾದಾಗ ಪ್ರಯತ್ನ ನಡೆಯಿತು, ಜನ ಬೀದಿಗಿಳಿದರು, ಕೈಬಿಟ್ಟರು. ಆಮೇಲೆ ಅಧ್ಯಕ್ಷರಾದ, ಮಾರ್ಕೋಸ್ ವಿರೋಧಿ ನಿನೊಯ್ ಅಕಿನೊ ಅವರ ಮಗ ಕಿರಿಯ ಅಕಿನೊ ಒಪ್ಪಲೇ ಇಲ್ಲ. ಸತ್ತವರಿಗೆ ಬೇಗ ಮಣ್ಣು ಸಿಗಲಿ ಅಂತ ಯಾರಾದರೂ ಬಯಸುತ್ತಾರೆ, ಅಲ್ವಾ? ಇವರಿಗೆ ಮಣ್ಣು ಬೇಕಿರಲಿಲ್ಲ. ಆ ಬೋರ್ಡಿನ ಕೆಳಗಿನ ಮಣ್ಣೇ ಬೇಕಿತ್ತು. ಸೇನೆ ಸೆಲ್ಯೂಟ್ ಹೊಡೆಯಬೇಕಿತ್ತು. ಬೋರ್ಡಿನ ಬೆಲೆ ಕೋರ್ಟಿಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆ ಸಂಜೆ ಎಡ್ಸಾ ರಸ್ತೆಯ ಪೀಪಲ್ ಪವರ್ ಸ್ಮಾರಕದ ಹತ್ತಿರ ಜನ ಸೇರುತ್ತಿದ್ದಾರೆ ಅಂತ ಗೊತ್ತಾಯಿತು. 1986ರ ಫೆಬ್ರವರಿಯಲ್ಲಿ ಲಕ್ಷಾಂತರ ಜನ ಅದೇ ರಸ್ತೆಯಲ್ಲಿ ನಾಲ್ಕು ದಿನ ಕೂತು, ಟ್ಯಾಂಕುಗಳ ಮುಂದೆ ಜಪಮಾಲೆ ಹಿಡಿದು ಮಾರ್ಕೋಸ್‌ನನ್ನು ಇಳಿಸಿದ್ದು. ತೀತಾ ಹೊರಟರು. ನನ್ನ ರೂಮೂ ಆ ದಿಕ್ಕಿಗೇ ಇದ್ದಿದ್ದರಿಂದ ಜೊತೆಗೆ ಹೋದೆ. ಅಯಾಲಾ ಸ್ಟೇಷನ್ನಿನಲ್ಲಿ ಎಂಆರ್‌ಟಿ ಹತ್ತಿದ್ದೇ ದೊಡ್ಡ ಸಾಹಸ. ಶುಕ್ರವಾರ ಸಂಜೆಯ ಆ ರೈಲಿನಲ್ಲಿ ಕಾಲು ನಮ್ಮದೇನೋ ಅಂತ ಹುಡುಕಿಕೊಳ್ಳಬೇಕು.

ನಾನು ರಸ್ತೆಯ ಈಚೆಗೇ ನಿಂತೆ. ವಿದೇಶಿಯರು ರಾಜಕೀಯ ಪ್ರತಿಭಟನೆಗೆ ಸೇರಿದರೆ ಅಲ್ಲಿಂದ ಗಡೀಪಾರು ಮಾಡುತ್ತಾರೆ, ವೀಸಾದ ಭಯ ನನಗಿತ್ತು. ಬೇಯಿಸಿದ ಕಡಲೇಕಾಯಿ ಮಾರುವವನ ಗಾಡಿ ಪಕ್ಕ ಜಾಗ ಸಿಕ್ಕಿತು. ಉಪ್ಪುನೀರಲ್ಲಿ ಬೆಂದ, ಸಿಪ್ಪೆ ಮೆತ್ತಗಾದ ಕಾಯಿ, ಪೊಟ್ಟಣ ಬಿಸಿ ಬಿಸಿ. ಬಸವನಗುಡಿಯಲ್ಲಿ ಪರಿಷೆ ಹತ್ತಿರ ಬಂದಿರುತ್ತೆ ಅಂತ ಅನ್ನಿಸಿದ್ದು ಸುಳ್ಳಲ್ಲ. ಎದುರಿಗೆ ಬಂದವರಲ್ಲಿ ಜಾಸ್ತಿ ಕಾಲೇಜು ಮಕ್ಕಳು. ಯೂನಿಫಾರ್ಮಿನಲ್ಲೇ ಬಂದಿದ್ದರು, ನೋಟ್‌ಬುಕ್ಕಿನ ಹಾಳೆ ಹರಿದು ಮಾರ್ಕರ್‌ನಲ್ಲಿ ಬರೆದುಕೊಂಡಿದ್ದರು. "ಮಾರ್ಕೋಸ್, ಹಿಂದೀ ಬಯಾನಿ!" ಮಾರ್ಕೋಸ್ ವೀರನಲ್ಲ ಅಂತ. "ಹುಕಾಯಿನ್!" ಅಗೆದು ತೆಗೆಯಿರಿ ಅಂತ. ಹೋಗುವ ಕಾರುಗಳು ಹಾರ್ನ್ ಬಾರಿಸಿ ಜೊತೆ ಸೇರುತ್ತಿದ್ದವು. ಈ ಮಕ್ಕಳೆಲ್ಲ ಹುಟ್ಟುವ ಮೊದಲೇ ಮಾರ್ಕೋಸ್ ಓಡಿಹೋಗಿದ್ದ. ಇವರಿಗೆ ಏನೂ ಗೊತ್ತಿಲ್ಲ, ಮೊಬೈಲ್ ಪೀಳಿಗೆ ಅಂತ ದೊಡ್ಡವರು ಬೈಯುತ್ತಿದ್ದದ್ದು ಇವರನ್ನೇ.

ಅಲ್ಲಿಂದ ವಾಪಸ್ ಬರುವಾಗ ತೀತಾ ತಮ್ಮನ ವಿಷಯ ಹೇಳಿದರು. 1972ರ ಸೆಪ್ಟೆಂಬರಿನಲ್ಲಿ ಮಾರ್ಕೋಸ್ ಮಾರ್ಷಲ್ ಲಾ, ಅಂದರೆ ಸೇನಾ ಕಾನೂನು, ತಂದನಲ್ಲ, ಅದಾಗಿ ಕೆಲವು ವರ್ಷಕ್ಕೆ, ಕಾಲೇಜಿನಲ್ಲಿದ್ದ ತಮ್ಮ ಗೆಳೆಯನ ಮನೆಗೆ ಹೋಗಿ ಬರ್ತೀನಿ ಅಂತ ಹೋದವನು ಬರಲಿಲ್ಲ. ಸೇನೆಯ ಕ್ಯಾಂಪಿಂದ ಕ್ಯಾಂಪಿಗೆ ಅಮ್ಮ ಅಲೆದರು. ಎಲ್ಲೂ ಹೆಸರಿಲ್ಲ. ಮಾರ್ಷಲ್ ಲಾ ಕಾಲದಲ್ಲಿ ಸುಮಾರು 70,000 ಜನ ಜೈಲು ಸೇರಿದರು, 34,000 ಜನ ಚಿತ್ರಹಿಂಸೆ ಅನುಭವಿಸಿದರು, 3,200ಕ್ಕೂ ಹೆಚ್ಚು ಜನ ಸತ್ತರು ಅಂತ ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಲೆಕ್ಕ ಕೊಡುತ್ತದೆ. ತೀತಾ ಲೆಕ್ಕ ಹೇಳಲಿಲ್ಲ. "ಆತನನ್ನು ಹೂಳಬೇಡಿ ಅಂತ ನಾನ್ಯಾಕೆ ಹೇಳಲಿ? ಎಲ್ಲರಿಗೂ ಒಂದು ಗುಂಡಿ ಬೇಕು. ಗನ್ ಯಾಕೆ ಹಾರಿಸಿದರು? ಆ ಗನ್ನು ಯಾರ ದುಡ್ಡಿಂದು?" ಅಂದರು. ಅಷ್ಟೇ ಕೇಳಿದ್ದು.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ನಮ್ಮದು ಚಿಕ್ಕಮಗಳೂರು. ತುರ್ತು ಪರಿಸ್ಥಿತಿ ಮುಗಿದು 1977ರಲ್ಲಿ ಸೋತ ಇಂದಿರಾ ಗಾಂಧಿಯನ್ನು ಮರುವರ್ಷವೇ ಗೆಲ್ಲಿಸಿ ಕಳಿಸಿದ ಊರು. ಕಥೆಯೆಲ್ಲ ಕೇಳಿ ಅಪ್ಪ, "ನಾವೂ ಓಟ್ ಹಾಕಿದ್ವಲ್ಲೋ. ನಮ್ಮ ಬೀದೀಲಿ ಯಾರೂ ಜೈಲಿಗೆ ಹೋಗಿರಲಿಲ್ಲ, ಮನೆ ಸೈಟು ಸಿಕ್ಕಿತ್ತು," ಅಂದರು. ಸ್ವಲ್ಪ ತಡೆದು, "ಆ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಿಂದ ಬಂದು ಐದು ದಿನಕ್ಕೆ ತೀರಿಕೊಂಡಿದ್ದು ನಮಗೆ ಗೊತ್ತಾಗಿದ್ದು ಎಷ್ಟೋ ದಿನ ಆದ್ಮೇಲೆ," ಅಂದರು. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಇಲ್ಲಿ ಚುನಾವಣೆ ನಡೆಯಿತು, ಸೋತವರು ಇಳಿದರು. ಅಲ್ಲಿ ಬೀದಿಗಿಳಿಯಬೇಕಾಯಿತು. ಆದರೆ ಇಲೋಕೋಸ್ ಗೆಳತಿಯನ್ನು ಮೂರ್ಖಳು ಅಂತ ತಳ್ಳಿಹಾಕಲು ಆಮೇಲೆ ನನಗೆ ಆಗಲಿಲ್ಲ. ಮುಂದಿನ ಸಲ ಊರಿಂದ ಅವಳು ಬೆಳ್ಳುಳ್ಳಿ ಹಾಕಿ ಹುರಿದ ಜೋಳ ತಂದಾಗ ತೀತಾ ಕೂಡ ಒಂದು ಹಿಡಿ ತಗೊಂಡರು. ಇಬ್ಬರೂ ಆ ವಿಷಯ ಮಾತ್ರ ಎತ್ತಲಿಲ್ಲ.

ಸ್ವಲ್ಪ ದಿನ ಬಿಟ್ಟು ತೀತಾ ನನ್ನನ್ನು ಕ್ವೆಜಾನ್ ಸಿಟಿಯ 'ಬಂತಾಯೋಗ್ ನಂಗ್ ಮಂಗ ಬಯಾನಿ'ಗೆ ಕರೆದುಕೊಂಡು ಹೋದರು. ಅದೂ ವೀರರ ಸ್ಮಾರಕವೇ. ಆದರೆ ಮಾರ್ಕೋಸ್ ಆಳ್ವಿಕೆಯನ್ನು ಎದುರಿಸಿದವರದ್ದು. ಕಪ್ಪು ಗ್ರಾನೈಟ್ ಗೋಡೆ ಮೇಲೆ ಹೆಸರುಗಳು. ನಿನೊಯ್ ಅಕಿನೊ ಇದ್ದಾರೆ. ಚಿಕೊ ನದಿಯ ಅಣೆಕಟ್ಟು ಬೇಡ ಅಂದಿದ್ದಕ್ಕೆ 1980ರಲ್ಲಿ ಸೈನಿಕರ ಗುಂಡಿಗೆ ಸತ್ತ ಬುಡಕಟ್ಟಿನ ಮುಖಂಡ ಮಕ್ಲಿ-ಇಂಗ್ ದುಲಾಗ್ ಇದ್ದಾರೆ. 1973ರಲ್ಲಿ ಸೆರೆಯಲ್ಲಿ ಸತ್ತ ವಿದ್ಯಾರ್ಥಿನಿ ಲಿಲಿಯೋಸಾ ಹಿಲಾವೊ ಇದ್ದಾಳೆ. ತೀತಾ ತಮ್ಮನ ಹೆಸರು ಇರಲಿಲ್ಲ. ಗೋಡೆಗೆ ಹೆಸರು ಸೇರಬೇಕಾದರೆ ಸಮಿತಿ ದಾಖಲೆ ನೋಡುತ್ತದೆ. ಅವರ ಹತ್ತಿರ ಇದ್ದದ್ದು ಒಂದು ಕಾಲೇಜ್ ಐಡಿ, ಅಮ್ಮ ಕ್ಯಾಂಪುಗಳಿಗೆ ಬರೆದ ಪತ್ರಗಳ ಕಾರ್ಬನ್ ಪ್ರತಿ.

ಇದೇ ದೇಶ 2013ರಲ್ಲಿ ಕಾನೂನು ಮಾಡಿ, ಸ್ವಿಸ್ ಬ್ಯಾಂಕಿನಿಂದ ವಾಪಸ್ ಬಂದ ಮಾರ್ಕೋಸ್ ದುಡ್ಡಲ್ಲೇ 1,000 ಕೋಟಿ ಪೆಸೊ ತೆಗೆದಿಟ್ಟು, ಆತನ ಕಾಲದಲ್ಲಿ ನೊಂದವರಿಗೆ ಪರಿಹಾರ ಕೊಡಲು ಹೊರಟಿತ್ತು. 75,000ಕ್ಕೂ ಹೆಚ್ಚು ಜನ ಅರ್ಜಿ ಹಾಕಿದರು, ಕೊನೆಗೆ ಒಪ್ಪಿಗೆ ಸಿಕ್ಕಿದ್ದು 11,103 ಜನಕ್ಕೆ. ಉಳಿದವರಲ್ಲಿ ಎಷ್ಟೋ ಮಂದಿಗೆ ಕಾಗದವೇ ತೊಡಕು. ಎತ್ತಿಕೊಂಡು ಹೋದವರು ರಸೀದಿ ಕೊಡುತ್ತಾರಾ? ಮಾರ್ಕೋಸ್ ತಪ್ಪಿತಸ್ಥ ಅನ್ನೋ ಅಂತಿಮ ಕಾಗದ ಇಲ್ಲ ಅಂತ ಆತನಿಗೆ ಜಾಗ ಸಿಕ್ಕಿತು. ಕಾಗದ ಇಲ್ಲ ಅಂತಲೇ ಇವರಿಗೆ ಸಿಗಲಿಲ್ಲ.

2022ರ ಮೇ ತಿಂಗಳಲ್ಲಿ ಮಗ ಬಾಂಗ್‌ಬಾಂಗ್ ಮಾರ್ಕೋಸ್ 3 ಕೋಟಿಗೂ ಹೆಚ್ಚು ಓಟು ಪಡೆದು ಅಧ್ಯಕ್ಷನಾದ. ನಾನು ಆ ಹೊತ್ತಿಗೆ ಬೆಂಗಳೂರಿಗೆ ಬಂದಾಗಿತ್ತು. ಗೆಳತಿ ಅವನ ಪ್ರಚಾರದ ಬಣ್ಣವಾದ ಕೆಂಪು ಟಿ-ಶರ್ಟು ಹಾಕಿಕೊಂಡ ಫೋಟೊ ಕಳಿಸಿದ್ದಳು. ತೀತಾಗೆ ಏನು ಹೇಳೋದು ಅಂತ ತೋಚದೆ ಎರಡು ದಿನ ತಡೆದು ಫೋನ್ ಮಾಡಿದೆ. ಅವರು ರಿಟೈರ್ ಆಗಿದ್ದರು. ಚುನಾವಣೆ ಮಾತು ಬರಲೇ ಇಲ್ಲ. ತಮ್ಮನ ಜೊತೆ ಓದಿದವರೊಬ್ಬರು ಸಿಕ್ಕಿದ್ದಾರಂತೆ, ಸಾಕ್ಷಿ ಬರೆದುಕೊಟ್ಟಿದ್ದಾರಂತೆ, ಎಲ್ಲಾ ಸೇರಿಸಿ ಬಂತಾಯೋಗ್ ಸಮಿತಿಗೆ ಕಳಿಸಬೇಕಂತೆ. "ನೀನೇ ಫೋನ್ ಮಾಡಿದ್ದು ಒಳ್ಳೇದಾಯ್ತು. ಸ್ಕ್ಯಾನ್ ಮಾಡಿದ ಫೈಲು ಭಾರೀ ದೊಡ್ಡದಾಗ್ತಿದೆ, ಇಮೇಲ್ ಹೋಗ್ತಾ ಇಲ್ಲ. ಚಿಕ್ಕದು ಮಾಡೋದು ಹೇಗೆ ಹೇಳು," ಅಂದರು. ಪೆನ್ನು ಹುಡುಕಿ ಬರ್ತೀನಿ ಇರು ಅಂತ ಹೋದರು. ಒಂದೊಂದೇ ಸ್ಟೆಪ್ ನಿಧಾನಕ್ಕೆ ಹೇಳಿದೆ, ಅವರು ಬರೆದುಕೊಂಡರು.